ಗಾಜಿನ ಮುಂದುಗಡೆ

ಬಣ್ಣದ ಮೀನಿನ ಅಂಗಡಿಯಲ್ಲಿ ನನ್ನ ಜಾಗ ಗಾಜಿನ ತೊಟ್ಟಿಗಳ ಹಿಂದಿನ ಓಣಿ. ಗಿರಾಕಿಗಳು ಮುಂದೆ ನಿಂತು ಮೀನು ನೋಡುತ್ತಾರೆ, ನಾನು ಹಿಂದೆ ಕೂತು ಗಾಜು ಉಜ್ಜುತ್ತೇನೆ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಬಂದವಳಿಗೆ ಅದು ಹಿತವಾಗಿಯೇ ಇತ್ತು. ಅಲ್ಲಿ ಯಾರೂ ಮಾತಾಡಿಸುವುದಿಲ್ಲ. ಆದರೆ ಹಲ್ಲಿನ ಡಾಕ್ಟರಮ್ಮ ಬಂದು ಮನೆಗೆ ಆರಡಿ ಉದ್ದದ ತೊಟ್ಟಿ ಬೇಕೆಂದಾಗ ನಾನು ಉಜ್ಜುವುದನ್ನು ಬಿಟ್ಟು ಕಿವಿಗೊಟ್ಟೆ. ಅಷ್ಟು ದೊಡ್ಡದನ್ನು ನಮ್ಮ ಅಂಗಡಿಯವರು ಈವರೆಗೆ ಯಾರ ಮನೆಯಲ್ಲೂ ಕೂರಿಸಿರಲಿಲ್ಲ.

ಮಾಲೀಕರನ್ನು ನಾನು ಅಣ್ಣ ಎಂದೇ ಕರೆಯುವುದು. ಅವರು ಓಣಿಗೆ ತಲೆ ತೂರಿಸಿದರು. "ಏನೇ ಮೌನಗೌರಿ, ಒಳಗೆ ಕಲ್ಲು, ಕಟ್ಟಿಗೆ, ಗಿಡ ಎಲ್ಲೆಲ್ಲಿ ಅಂತ ನೀನೇ ಬರ್ಕೊಡ್ತೀಯಾ? ಚೆನ್ನಾಗಿ ಬಂದ್ರೆ ಇನ್ಮೇಲೆ ಮನೆಮನೆಗೆ ಹೋಗಿ ತೊಟ್ಟಿ ಕೂರಿಸೋದು ನಿನ್ನ ಕೆಲಸ. ಕೆಟ್ರೆ ಮತ್ತೆ ಇದೇ ಓಣಿ."

ತಲೆಯಾಡಿಸಿದೆ. ಅವತ್ತು ಖುಷಿಗೆ ಊಟವೇ ಸೇರಲಿಲ್ಲ.

ತೊಟ್ಟಿ ಡಾಕ್ಟರಮ್ಮನ ಅಪ್ಪನಿಗಾಗಿ. ಲಾರಿ ಓಡಿಸುತ್ತಿದ್ದವರು, ಈಗ ಕಾಲು ಬಾರದೆ ದಿನವಿಡೀ ಕಿಟಕಿ ಪಕ್ಕದ ಕುರ್ಚಿಯಲ್ಲೇ. ತೊಟ್ಟಿಯ ಒಂದು ತುದಿಗೆ ಆ ಕಿಟಕಿ, ಇನ್ನೊಂದು ತುದಿಗೆ ಬಾಗಿಲು. ಜನ ಓಡಾಡಿದರೆ ಮೀನು ಬೆದರುತ್ತವೆ, ಹಾಗಾಗಿ ದೊಡ್ಡ ಕಟ್ಟಿಗೆ, ಕಲ್ಲುಗಳೆಲ್ಲ ಬಾಗಿಲ ಕಡೆಗಿರಲಿ. ಅಜ್ಜನ ಕಡೆ ಬರೀ ತಿಳಿನೀರು, ಅದರಲ್ಲಿ ನಲವತ್ತು ಪುಟ್ಟ ಮೀನುಗಳ ಹಿಂಡು. ಓಣಿಯಲ್ಲಿ ಕೂತು ಒಂದು ಖಾಲಿ ತೊಟ್ಟಿಯಲ್ಲಿ ಏಳು ಸಲ ಜೋಡಿಸಿ, ಕೆಡವಿ, ಕೊನೆಗೆ ಕಂಡದ್ದನ್ನು ಕಂಡಂತೆ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದೆ.

ಕೂರಿಸುವ ದಿನ ಡಾಕ್ಟರಮ್ಮನ ಮನೆಯಲ್ಲಿ ಆರು ಜನ ಉಸಿರು ಬಿಗಿಹಿಡಿದು ತೊಟ್ಟಿಯನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲಿಟ್ಟರು. ನಾನು ಹಿತ್ತಲಲ್ಲಿ ಬಕೆಟ್ಟುಗಟ್ಟಲೆ ಮರಳು ತೊಳೆಯುತ್ತಿದ್ದೆ. ಅಷ್ಟರಲ್ಲಿ ಅಣ್ಣ ನನ್ನ ಚಿತ್ರ ನೋಡಿಕೊಂಡು ಕಲ್ಲು, ಕಟ್ಟಿಗೆ ಇಟ್ಟಾಗಿತ್ತು. ಮರಳು ಸುರಿದೆ. ಅದು ಕದಡದಿರಲೆಂದು ಒಂದು ತಟ್ಟೆಯಿಟ್ಟು, ಅದರ ಮೇಲೆ ಪೈಪು ಬಿಟ್ಟೆವು. ನೀರು ಏರುವುದನ್ನೇ ನೋಡುತ್ತ ನನಗೆ ಬೇರೇನೂ ಕಾಣಿಸುತ್ತಿರಲಿಲ್ಲ.

"ಪೇಷೆಂಟ್ ಕಾಯ್ತಿದಾರೆ, ಇನ್ನೈದೇ ನಿಮಿಷ," ಎಂದು ಡಾಕ್ಟರಮ್ಮ ಮೂರನೇ ಸಲ ಹೇಳಿದರು. ಜಾಗ ಬಿಟ್ಟು ಕದಲಲಿಲ್ಲ.

ಗಾಜಿನ ಹೊರಗೆ ಒರೆಸುತ್ತ ಅಜ್ಜನ ಕುರ್ಚಿಯ ಹತ್ತಿರ ಬಂದೆ.

"ಮೀನು ಈ ಕಟ್ಟಿಗೆ ದಾಟಿ ನನ್ನ ಕಡೆಗೂ ಬರ್ತವೇನಮ್ಮಾ?" ಎಂದರು ಅಜ್ಜ.

ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿದೆ. ಕಂಡದ್ದು ಕಟ್ಟಿಗೆಯ ಕಪ್ಪು ಬೆನ್ನು ಮಾತ್ರ. ತಿಳಿನೀರೆಲ್ಲ ಬಾಗಿಲ ಕಡೆಗಿತ್ತು. ಹಿಂದೆ ಕೂತು ಜೋಡಿಸಿದ್ದೆ, ಹಿಂದೆ ಕೂತೇ ಬರೆದಿದ್ದೆ!

ನೀರು ಅರ್ಧಕ್ಕೆ ಬಂದಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಕೆಲಸ ನನ್ನದಾಗುತ್ತದೆ. ಅಜ್ಜ ಮಾತ್ರ ವರ್ಷಗಟ್ಟಲೆ ಆ ಕಟ್ಟಿಗೆ ನೋಡುತ್ತ ಕೂರಬೇಕು.

"ಅಣ್ಣಾ, ನೀರು ನಿಲ್ಸಿ." ಪೈಪಿನ ಸದ್ದಿಗೆ ಕೇಳಿಸಲಿಲ್ಲ. "ನೀರು ನಿಲ್ಸಿ ಅಂದೆ!"

ಎಲ್ಲರೂ ತಿರುಗಿದರು. ಅಷ್ಟು ಜೋರು ದನಿ ನನ್ನದೇ ಎಂದು ನಂಬಲು ನನಗೂ ಒಂದು ಗಳಿಗೆ ಬೇಕಾಯಿತು.

"ಏನಾಯ್ತೇ? ಸೋರ್ತಿದೆಯಾ?"

"ಇಲ್ಲ. ಎಡ ಬಲ ಅದಲುಬದಲಾಗಿದೆ. ಹಿಂದಿನಿಂದ ಕಂಡಿದ್ದನ್ನ ಬರ್ದೆ, ನೀವು ಮುಂದೆ ನಿಂತು ಇಟ್ರಿ. ತಪ್ಪು ನಂದೇ. ಎಲ್ಲ ತೆಗೀಬೇಕು."

"ತಲೆ ಕೆಟ್ಟಿದೆಯಾ ನಿಂಗೆ? ಅರ್ಧ ತುಂಬಿದೆ! ಇರ್ಲಿ ಬಿಡು, ಚೆನ್ನಾಗೇ ಕಾಣ್ತಿದೆ."

"ನಿಮಗೆ ಚೆನ್ನಾಗಿದೆ. ಇಲ್ಲಿ ಬಂದು ಕೂತು ನೋಡಿ."

ಅಣ್ಣ ಗೊಣಗುತ್ತ ಬಂದು ನನ್ನ ಪಕ್ಕ ನೆಲಕ್ಕೆ ಕೂತರು. ನೋಡಿದರು. ಎದ್ದು ಹೋಗಿ ನಲ್ಲಿ ನಿಲ್ಲಿಸಿದರು.

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಲವತ್ತು ವರ್ಷ ಕನ್ನಡಿ ನೋಡ್ಕೊಂಡು ಲಾರಿ ಹಿಂದಕ್ಕೆ ತಗದೋನು ನಾನು. ಹಿಂಗೇ ಎರಡು ಗೇಟು ಮುರ್ದಿದೀನಿ. ನೀನು ಬರೀ ನೀರು ಚೆಲ್ತಿದೀಯ, ಚೆಲ್ಲಮ್ಮಾ!"

ನೀರನ್ನು ಪೈಪಿನಲ್ಲಿ ಹಿತ್ತಲಿಗೆ ಬಿಟ್ಟೆವು. ಅಣ್ಣ ತೋಳು ಮಡಚಿ ಒದ್ದೆ ಕಟ್ಟಿಗೆ ಎತ್ತಿ ಹಿಡಿದು, ಈ ಸಲ ಕಾಗದ ನೋಡದೆ ನನ್ನ ಮುಖ ನೋಡಿದರು. "ಹೇಳು, ಎಲ್ಲಿ?"

ಅಜ್ಜನ ಕುರ್ಚಿಯ ಬಳಿಯಿಂದಲೇ ಕೈ ತೋರಿಸಿದೆ. "ಬಾಗಿಲ ಕಡೆಗೆ. ಇನ್ನೂ. ಸ್ವಲ್ಪ ಓರೆ ಮಾಡಿ. ಹಾಂ, ಅಲ್ಲೇ!"

ನೀರು ಮತ್ತೆ ಏರಿತು. ಕಿಟಕಿಯ ಬೆಳಕು ಅದರೊಳಗೆ ಇಳಿದು ಮರಳಿನ ಮೇಲೆ ಕುಣಿಯತೊಡಗಿದಾಗ ನನಗೂ ಕುಣಿಯಬೇಕೆನಿಸಿತು.

"ಮೀನು ಯಾವಾಗ ಬಿಡ್ತೀರಿ?" ಡಾಕ್ಟರಮ್ಮ ಅಣ್ಣನನ್ನು ಕೇಳಿದರು.

"ನನ್ನನ್ಯಾಕೆ ಕೇಳ್ತೀರಿ? ಅವಳನ್ನ ಕೇಳಿ."

"ಮೂರು ವಾರ ಆಗತ್ತೆ," ಎಂದೆ. "ಹೊಸ ನೀರು ಮೀನಿಗೆ ಒಗ್ಗಲ್ಲ. ಮೊದ್ಲು ಹದಕ್ಕೆ ಬರ್ಬೇಕು."

"ಅಯ್ಯೋ, ಅಲ್ಲೀವರೆಗೂ ಬರೀ ನೀರು ನೋಡ್ಲಾ?" ಅಜ್ಜ ಮಗುವಿನಂತೆ ಮುಖ ಊದಿಸಿದರು.

"ನಾಳೆ ಗಿಡ ನೆಡೋಕೆ ಬರ್ತೀನಜ್ಜಾ," ಎಂದೆ. ಅಣ್ಣನ ಕಡೆ ನೋಡಲಿಲ್ಲ. "ನಾನೊಬ್ಳೇ ಬರ್ತೀನಿ."