ಮಧ್ಯಾಹ್ನದ ಸದ್ದು

ಮಂಚದ ಕೆಳಗೆ ಬೋರಲು ಮಲಗಿ, ಎಡಗಿವಿಯನ್ನು ನೆಲಕ್ಕೆ ಒತ್ತಿಕೊಂಡು, ಅವಳು ಉಸಿರು ಬಿಗಿಹಿಡಿದಿದ್ದಳು.

"ಏನೇ ಅದು, ಓಲೆ ಬಿದ್ದೋಯ್ತಾ?" ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಯಾರದೋ ಅರ್ಧ ಹೊಲಿದ ತೋಳು.

"ಶ್!"

"ನನ್ನ ಮನೇಲಿ ನನಗೇ ಶ್ ಅಂತಾಳಲ್ಲಪ್ಪ ಇವಳು!"

"ಒಂದು ನಿಮಿಷ ಬಾಯಿ ಮುಚ್ಚು ಕಣೇ. ಈಗ ಬರುತ್ತೆ."

"ಏನು ಬರುತ್ತೆ? ಇಲಿನಾ?"

ಬಂತು. ಟಿಕ್ ಎಂದು ಒಂದು. ಆಮೇಲೆ, ಮುಂದೇನು ಮಾಡಲಿ ಎಂದು ಯೋಚಿಸಿದಂತೆ, ಚೂರು ಬಿಡುವು. ಅದಾದ ಮೇಲೆ ಒಣಗಿದ ಕಾಯಿಯೊಳಗೆ ಬೀಜ ಹೊರಳಿದ ಹಾಗೆ, ಸಣ್ಣಗೆ ಟರ್ರ್.

"ಕೇಳಿಸ್ತಾ?"

"ಏನೂ ಇಲ್ಲ. ತಿಂದದ್ದು ಹೆಚ್ಚಾಗಿದೆ ನಿನಗೆ, ಅಷ್ಟೇ," ಎಂದು ಅಕ್ಕ ಹೊಲಿಗೆ ಮೆಷಿನ್ನಿಗೆ ಮರಳಿದಳು. ಆ ಯಂತ್ರದ ಗದ್ದಲದಲ್ಲಿ ಆ ದಿನದ ಮಟ್ಟಿಗೆ ಎಲ್ಲ ಮುಳುಗಿಹೋಯಿತು.

ಸದ್ದು ಮಾಡುವುದೇ ತಂಗಿಯ ಕಸುಬು. ಸಿನಿಮಾದಲ್ಲಿ ನಾಯಕ ಮೆಟ್ಟಿಲು ಹತ್ತುತ್ತಾನಲ್ಲ, ಆ ಹೆಜ್ಜೆ ಅವನದಲ್ಲ, ಇವಳದು. ಕತ್ತಲೆಯ ಕೋಣೆಯಲ್ಲಿ ಪರದೆ ನೋಡುತ್ತ, ಅವನ ಕಾಲು ಬಿದ್ದಲ್ಲಿ ತನ್ನ ಕಾಲು ಬೀಳಿಸುತ್ತ, ಮರಳಿನ ತಟ್ಟೆಯ ಮೇಲೋ ಹಲಗೆಯ ಮೇಲೋ ಇವಳು ನಡೆಯುತ್ತಾಳೆ. ಮೂಳೆ ಮುರಿಯಬೇಕಾದರೆ ಗಜ್ಜರಿ ಮುರಿಯುತ್ತಾಳೆ. ಹಕ್ಕಿ ಹಾರಬೇಕಾದರೆ ತೊಗಲಿನ ಕೈಗವಸು ಬಡಿಯುತ್ತಾಳೆ. ಸ್ಟುಡಿಯೋದಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವಳು ಹೆಜ್ಜೆಯಮ್ಮ.

ಒಂದು ಚಿತ್ರ ಮುಗಿಯುವಷ್ಟರಲ್ಲಿ ಇನ್ನೊಂದು ತಲೆಯ ಮೇಲೆ ಕೂತಿರುತ್ತಿತ್ತು. ಬೆಳಗ್ಗೆ ಕುದುರೆಯಾಗಿ ಓಡಿ, ಸಂಜೆ ಮದುಮಗಳಾಗಿ ಹೊಸ್ತಿಲು ದಾಟಿ, ಮನೆಗೆ ಬಂದು ಚಪ್ಪಲಿಯಲ್ಲೇ ನಿದ್ದೆ ಹೋದ ದಿನಗಳುಂಟು. ಕ್ರಮೇಣ ಲೋಕದ ಸದ್ದೆಲ್ಲ ಬರೀ ಸಾಮಾನಾಗಿಬಿಟ್ಟಿತು. ಹೊರಗೆ ನಿಜವಾದ ಮಳೆ ಸುರಿದರೆ, ಯಾರೋ ಬಾಣಲೆಯಲ್ಲಿ ಏನೋ ಹುರಿಯುತ್ತಿದ್ದಾರೆ, ಮಳೆಯ ಥರ ಬಂದಿಲ್ಲ, ಇನ್ನೊಂದು ಸಲ ಮಾಡಲಿ ಎಂದುಕೊಳ್ಳುತ್ತಿದ್ದಳು.

ಆಮೇಲೆ, ಎಲ್ಲರ ಹೆಜ್ಜೆಯನ್ನೂ ಅವಳೇ ಮಾಡಿದ ಒಂದು ಚಿತ್ರ ಬಂತು. ಅವಳು ಟಿಕೆಟ್ಟು ಕೊಂಡು ಜನರ ನಡುವೆ ಕೂತು ನೋಡಿದಳು. ಸೇನಾಪತಿ ನಡೆದ. ಅವನ ಮಗಳು ನಡೆದಳು. ಬೀದಿಯಲ್ಲಿ ಹಣದ ಚೀಲ ಕದ್ದವನು ತಪ್ಪಿಸಿಕೊಂಡು ಓಡಿದ. ಮೂವರದ್ದೂ ಒಂದೇ ನಡಿಗೆ: ಹಿಮ್ಮಡಿ ಭಾರ, ಬಲಗಾಲು ಚೂರು ಎಳೆತ. ಸುಸ್ತಾದ ಹೆಂಗಸೊಬ್ಬಳು ಬಸ್ಸಿಳಿದು ಮನೆಗೆ ಹೋಗುವ ನಡಿಗೆ ಅದು. ಪರದೆಯ ತುಂಬ ಜನ; ನಡೆಯುತ್ತಿದ್ದವಳು ಅವಳೊಬ್ಬಳೇ.

ಯಾರೂ ನಗಲಿಲ್ಲ, ಯಾರಿಗೂ ಗೊತ್ತಾಗಲೂ ಇಲ್ಲ. ಮರುದಿನ ಸ್ಟುಡಿಯೋದ ಯಜಮಾನರು ಬೆನ್ನು ತಟ್ಟಿ, "ಏನ್ ಕೆಲಸ ತಾಯಿ ನಿಂದು!" ಎಂದರು. ಬೈದಿದ್ದರೆ ಉಳಿದುಕೊಳ್ಳುತ್ತಿದ್ದಳೋ ಏನೋ. ಕೋಣೆಗೆ ಹೋಗಿ ಬೂಟು ಹಾಕಿಕೊಂಡಳು. ಪರದೆಯ ಮೇಲೆ ಯಾರೋ ಒಬ್ಬ ಬಾಗಿಲು ತೆರೆದು ಹೊರಟ. ಅವಳ ಕಾಲು ಏಳಲಿಲ್ಲ.

ಹಾಗೆ ಅಕ್ಕನ ಮನೆ ಸೇರಿದ್ದು. ಮೊದಲಿನ ದಿನಗಳಲ್ಲಿ ಬರೀ ನಿದ್ದೆ. ಅಕ್ಕ ಎಬ್ಬಿಸಿ ಉಣ್ಣಿಸಿ ಮತ್ತೆ ಮಲಗಿಸುತ್ತಿದ್ದಳು. ಯಜಮಾನರು ಸೋಮವಾರದ ಗಡುವು ಕೊಟ್ಟಿದ್ದರು: ಬಂದರೆ ಸರಿ, ಇಲ್ಲವಾದರೆ ಅವಳ ಚಪ್ಪಲಿ ಪೆಟ್ಟಿಗೆ ಹೊಸ ಹುಡುಗಿಯ ಪಾಲು. ಗುಜರಿ ಅಂಗಡಿಗಳಲ್ಲಿ ಒಂದೊಂದನ್ನೂ ನೆಲಕ್ಕೆ ಕುಟ್ಟಿ, ಕಿವಿಗೊಟ್ಟು ಆರಿಸಿದ ಚಪ್ಪಲಿಗಳು ಅವು. 'ಕೊಟ್ಟುಬಿಡಿ' ಎಂಬ ಮಾತನ್ನು ಅವಳು ಬಾಯಿಪಾಠ ಮಾಡಿಟ್ಟುಕೊಂಡಿದ್ದಳು.

ಅಷ್ಟರಲ್ಲಿ ಈ ಟಿಕ್. ಮಧ್ಯಾಹ್ನ ಬಿಸಿಲು ಕಿಟಕಿ ಬಿಟ್ಟು ಗೋಡೆಗೆ ಸರಿಯುವ ಹೊತ್ತಿಗೆ ಬರುತ್ತಿತ್ತು. ಯಾವ ವಸ್ತುವಿನಿಂದ ಹೊರಡುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಎಂಬುದೇ ವಿಚಿತ್ರವಾಗಿತ್ತು, ಒಂದು ಸದ್ದು ಅವಳಿಗೆ ತಿಳಿಯದೆ ಹೋಗಿ ವರ್ಷಗಳಾಗಿದ್ದವು. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ ನೋಡಿದಳು. ಕಿಟಕಿಯ ಚಿಲಕಕ್ಕೆ ಕಾಗದ ತುರುಕಿದಳು. ಫ್ರಿಜ್ಜಿನ ಪ್ಲಗ್ಗು ಕಿತ್ತಳು. ಹಾಲು ಒಡೆಯಿತು, ಟಿಕ್ ಮಾತ್ರ ತನ್ನ ಪಾಡಿಗೆ ತಾನು ಬಂತು.

"ರೆಸ್ಟ್ ತಗೊಳ್ಳೋಕೆ ಬಂದವಳು ನನ್ನ ಮನೇನೇ ಬಿಚ್ಚಿ ಹಾಕ್ತಿದಾಳೆ," ಎಂದು ಅಕ್ಕ ಹಾಲಿನ ಪಾತ್ರೆಗೆ ಹೇಳಿದಳು.

ಶುಕ್ರವಾರ ಯಜಮಾನರ ಫೋನು.

"ಏನಮ್ಮ, ಏನು ಮಾಡ್ತಿದೀಯ?"

"ಒಂದು ಸದ್ದು ಹುಡುಕ್ತಿದೀನಿ ಸರ್."

"ಯಾವ ಪಿಕ್ಚರ್‌ಗೆ?"

"ಯಾವುದಕ್ಕೂ ಅಲ್ಲ."

"ತಾಯಿ, ಕಂಪ್ಯೂಟರ್‌ನಲ್ಲಿ ಸಾವಿರಾರು ಸದ್ದು ತುಂಬಿದೆ. ಯಾವುದು ಬೇಕೋ ಹೇಳು, ಕಳಿಸ್ತೀನಿ. ಸೋಮವಾರದ್ದು ಏನಾಯ್ತು?"

ಬಾಯಿಪಾಠದ ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಬಿಸಿಲು ಆಗಲೇ ಗೋಡೆ ಹತ್ತುತ್ತಿತ್ತು. "ಆಮೇಲೆ ಮಾಡ್ತೀನಿ ಸರ್," ಎಂದು ಫೋನಿಟ್ಟಳು.

ಮರುದಿನ, ಹುಡುಕಿ ಸಿಗದಿದ್ದರೆ ಮಾಡಿಯಾದರೂ ನೋಡೋಣ ಎನಿಸಿತು. ಅಕ್ಕನ ಗುಂಡಿಯ ಡಬ್ಬಿ ನೆಲಕ್ಕೆ ಸುರಿದಳು. ಚಮಚದಲ್ಲಿ ಗುಂಡಿ ಹೊರಳಿಸಿದಳು: ಬಹಳ ಗಾಜು ಗಾಜು. ಬಾಚಣಿಗೆಯ ಹಲ್ಲಿನ ಮೇಲೆ ಒದ್ದೆ ದಾರ ಎಳೆದಳು: ಟರ್ರ್ ಪರವಾಗಿಲ್ಲ, ಟಿಕ್ ಇಲ್ಲ. ಬೆಂಕಿಪೊಟ್ಟಣ, ನೂಲಿನ ಉಂಡೆ, ಅಕ್ಕನ ಕನ್ನಡಕದ ಡಬ್ಬಿ. ಮೊಣಕಾಲೂರಿ ಕೋಣೆಯ ಉದ್ದಕ್ಕೂ ತೆವಳಿದಳು. ಕಾಲು ಜೋಮು ಹಿಡಿದರೆ ಎದ್ದು ಕುಣಿದು ಮತ್ತೆ ಕೂತಳು. ಆ ಬಿಡುವು ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಟಿಕ್ ಆದ ಮೇಲೆ ಅದು ಏನನ್ನೋ ಕಾಯುತ್ತದಲ್ಲ, ಏನನ್ನು?

ತಟ್ಟನೆ ಹೊಳೆಯಿತು. ಪೆಟ್ಟಿಗೆಯ ತಳದ ಕಂದು ಚಪ್ಪಲಿ! ಅಟ್ಟೆ ಬಿರುಕು ಬಿಟ್ಟದ್ದು. ಬಗ್ಗಿಸಿದರೆ ಒಮ್ಮೆ ನುಡಿದು, ಸುಮ್ಮನಿದ್ದು, ಆಮೇಲೆ ನರಳುತ್ತದೆ. ಕೂಡಲೇ ಯಜಮಾನರಿಗೆ ಫೋನು ಮಾಡಿದಳು.

"ಸರ್, ನನ್ನ ಪೆಟ್ಟಿಗೆ ಯಾರೂ ಮುಟ್ಟಬಾರದು. ಆ ಕಂದು ಚಪ್ಪಲಿ ಬೇಕು ನನಗೆ."

"ಅಂದ್ರೆ ಸೋಮವಾರ ಬರ್ತೀಯಾ?"

"ಬರ್ತೀನಿ. ಆದ್ರೆ ಒಂದು ಪಿಕ್ಚರ್ ಮುಗಿಯೋವರೆಗೂ ಇನ್ನೊಂದು ಹಿಡಿಯಲ್ಲ."

"ಅದು ಹೇಗಮ್ಮ..." ಎಂದು ಅವರು ಶುರು ಮಾಡುವಾಗ ಭಾವ ಮನೆಯೊಳಗೆ ಬಂದರು. ಅವಳು ಬೆರಳು ತೋರಿಸಿ ಅವರನ್ನು ನಿಲ್ಲಿಸಿದಳು. "ಒಪ್ಪಿಗೆ ಇದ್ರೆ ಹೇಳಿ ಸರ್," ಎಂದು ಫೋನಿಗೆ ಹೇಳಿ ಕಾದಳು. ಆ ಕಡೆಯಿಂದ ಒಂದು ನಿಟ್ಟುಸಿರು, ಅದರ ಹಿಂದೆಯೇ "ಆಯ್ತಪ್ಪ" ಬಂತು.

ಭಾವ ಶಾಲೆಯ ಬಸ್ಸು ಓಡಿಸುವವರು. ಆ ದಿನ ಶಾಲೆ ಬೇಗ ಬಿಟ್ಟಿತ್ತು. ಒಂದೇ ಕಾಲಿನ ಬೂಟು ಬಿಚ್ಚಿ, ಗುಂಡಿಗಳ ನಡುವೆ ಕೂತ ನಾದಿನಿಯನ್ನು ನೋಡುತ್ತ ಗೋಡೆಗೊರಗಿದರು.

ಟಿಕ್. ಬಿಡುವು. ಟರ್ರ್.

"ಇದಕ್ಕಾ ಇಷ್ಟೆಲ್ಲ!" ಭಾವ ಹೊಟ್ಟೆ ಹಿಡಿದು ನಕ್ಕರು. "ನಿಮ್ಮಕ್ಕ ನಂಗೆ ಹೇಳಲೇ ಇಲ್ವಲ್ಲ. ಅಯ್ಯೋ, ಇದನ್ನ ಮಾಡಿಟ್ಟವನೇ ನಾನಮ್ಮ! ಬಾ ಇಲ್ಲಿ, ಏಳು, ತೋರಿಸ್ತೀನಿ."

"ಬೇಡ."

"ಎರಡೇ ಹೆಜ್ಜೆ, ಇಲ್ಲೇ ಇದೆ..."

ಅವಳು ಎರಡೂ ಕಿವಿ ಮುಚ್ಚಿಕೊಂಡು, ಕಣ್ಣನ್ನೂ ಮುಚ್ಚಿದಳು.

"ಬೇಡ ಭಾವ. ಹೇಳಲೂಬೇಡಿ, ತೋರಿಸಲೂಬೇಡಿ. ಮೊದಲು ಆ ಸದ್ದು ನನ್ನ ಕೈಯಲ್ಲಿ ಬರಲಿ."