ಮೇಲಕ್ಕೆ ಹತ್ತಿದ ಮಣ್ಣು

ತಲೆಯ ಮೇಲೆ ಮಣ್ಣಿನ ಮಂಕರಿ ಹೊತ್ತು ಆ ಹೆಂಗಸು ಗುಡ್ಡ ಹತ್ತುತ್ತಿದ್ದಳು. ಜಮೀನು ಅಳೆಯಲು ಆ ಬೆಟ್ಟದೂರಿಗೆ ಹೋದ ಮೊದಲ ದಿನ ನಾನು ಕಂಡದ್ದು ಅದನ್ನೇ. ಈ ಗುಡ್ಡದಲ್ಲಿ ಮಣ್ಣಿಗೂ ಬರವೇ ಎಂದು ಮನಸ್ಸಿನಲ್ಲೇ ನಕ್ಕೆ. ಆಗ ನನಗೆ ಕೆಲಸ ಹೊಸದು, ಜಂಬ ಅದಕ್ಕಿಂತ ಹೊಸದು.

ಊರಿನ ಹೊಲಗಳೆಲ್ಲ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿದ್ದವು. ಕೆಳಗೆ ಹಳ್ಳದ ದಂಡೆಯಲ್ಲಿ ರಾಗಿ ಹೋಗಿ ಆಲೂಗಡ್ಡೆ ಬಂದಿತ್ತು. ಮೇಲಿನ ಹೊಲಗಳು ಒಂದೊಂದಾಗಿ ನೀಲಗಿರಿ ತೋಪಾಗುತ್ತಿದ್ದವು. ಪಾಳು ಬಿದ್ದದ್ದೆಲ್ಲ ತೋಪಿಗೆ ಎಂಬುದು ಮೇಲಧಿಕಾರಿಗಳ ಆಜ್ಞೆ. ತುತ್ತತುದಿಯ ಹೊಲದಲ್ಲಿ ಒಂದು ಪೈರೂ ಕಾಣಲಿಲ್ಲ. ಅಳತೆ ಪುಸ್ತಕದಲ್ಲಿ ‘ಪಾಳು’ ಎಂದು ಬರೆದು ಮುಂದಕ್ಕೆ ಹೋದೆ.

ಮರುದಿನ ಬೆಳಿಗ್ಗೆ ಅದೇ ಹೆಂಗಸು, ಹೊಂಬಾಳಮ್ಮ, ನನ್ನ ಬಿಡಾರದ ಮುಂದೆ ನಿಂತಿದ್ದಳು. ಆ ಹೊಲ ಅವಳದು, ಅವಳಿಗಿದ್ದದ್ದು ಅದೊಂದೇ.

“ಪಾಳು ಅಂತ ಬರ್ದಿದ್ದೀಯಂತೆ? ಅದು ಮಲಗೈತೆ ಕಣಪ್ಪ. ಮೂರು ವರ್ಸಕ್ಕೊಂದ್ಸಲ ಬಿತ್ತದೆ ಮಲಗುಸ್ತೀವಿ.”

ನಾನು ಇಂಗು ತಿಂದ ಮಂಗನಂತಾದೆ. ಬರೆದದ್ದನ್ನು ಹೊಡೆದುಹಾಕುವ ಅಧಿಕಾರ ನನಗಿರಲಿಲ್ಲ. ತಪಾಸಣೆಗೆ ಸಾಹೇಬರು ಬರಲು ಇನ್ನು ಹತ್ತೇ ದಿನ. ನಾನೇ ಉಪಾಯ ಹೇಳಿಕೊಟ್ಟೆ: “ಈಗಲೇ ಹುರುಳಿ ಚೆಲ್ಲಿಬಿಡಿ ಅಮ್ಮ. ಅವರು ಬರುವಷ್ಟರಲ್ಲಿ ಹಸಿರು ಕಾಣುತ್ತೆ.”

“ನಿನ್ನ ತಪ್ಪು ಮುಚ್ಚಕ್ಕೆ ನನ್ನ ಹೊಲ ಎಬ್ಬುಸ್ಲಾ? ಆಗಕ್ಕಿಲ್ಲ.”

ಹತ್ತು ದಿನವೂ ಅವಳು ಮಣ್ಣು ಹೊತ್ತಳೇ ಹೊರತು ಒಂದು ಕಾಳೂ ಚೆಲ್ಲಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಸಾಹೇಬರು ಬಂದರು, ಬರಿದಾದ ಹೊಲ ನೋಡಿದರು, ಸಹಿ ಹಾಕಲು ಪೆನ್ನು ತೆಗೆದರು. ಹೊಂಬಾಳಮ್ಮ ಅವರ ಮುಂದೆ ಗುದ್ದಲಿ ಇಟ್ಟಳು. “ಅಗೆಸಿ ನೋಡಿ ಬುದ್ಧಿ.”

ಅಗೆದವನು ನಾನೇ. ಮೊಣಕಾಲುದ್ದ ಅಗೆದೆ, ಮಣ್ಣಿನ ಜೊತೆ ನೀರಿನಲ್ಲಿ ಬದುಕುವ ಬಸವನಹುಳುವಿನ ಬಿಳಿ ಚಿಪ್ಪುಗಳು ಬಂದವು. ಸೊಂಟದುದ್ದ ಅಗೆದರೂ ಅವೇ. ಸಾಹೇಬರು ಒಂದನ್ನು ಅಂಗೈಯಲ್ಲಿಟ್ಟು ಹೊರಳಿಸಿದರು.

“ಹಳ್ಳದ ಚಿಪ್ಪು ಇಷ್ಟೆತ್ತರಕ್ಕೆ ಹೇಗೆ ಬಂತು?”

“ಮಳೇಲಿ ಮಣ್ಣು ಹಳ್ಳಕ್ಕಿಳೀತದೆ, ಬೇಸಿಗೇಲಿ ನಾವು ಹತ್ತುಸ್ತೀವಿ. ನಮ್ಮತ್ತೆ ಹೊತ್ರು, ಅವರತ್ತೆ ಹೊತ್ರು. ಮಲಗಿದ ವರ್ಸಾನೂ ಬುಡಲ್ಲ. ಪಾಳು ಬಿದ್ದಿದ್ರೆ ಯಾರು ಹೊರ್ತಾರೆ ಬುದ್ಧಿ?”

ಸಾಹೇಬರು ಪುಸ್ತಕವನ್ನು ನನ್ನ ಕೈಗಿತ್ತರು. “ನೀವೇ ಬರೆದದ್ದಲ್ವಾ? ನೀವೇ ಹೊಡೆದುಹಾಕಿ.”

‘ಪಾಳು’ ಎಂಬುದರ ಮೇಲೆ ನಾಚುತ್ತಲೇ ಗೆರೆ ಎಳೆದೆ. ಆದರೂ ಆ ಗೆರೆ ಎಳೆದಷ್ಟು ಸಂತೋಷದಿಂದ ನಾನು ಮುಂದೆ ಏನನ್ನೂ ಬರೆಯಲಿಲ್ಲ. ಈಗ ಗುಡ್ಡವೆಲ್ಲ ನೀಲಗಿರಿ ತೋಪಾಗಿದೆಯಂತೆ, ತುದಿಯಲ್ಲೊಂದು ರಾಗಿ ಹೊಲ ಮಾತ್ರ ಉಳಿದಿದೆಯಂತೆ.

ಅಂದು ಸಾಹೇಬರು ಹೋದ ಮೇಲೆ ನಾನೂ ಹೊರಡಲನುವಾದೆ. ಹೊಂಬಾಳಮ್ಮ ತಡೆದಳು. “ಎಲ್ಲಿಗೆ ಹೊಂಟೆ? ನಿನ್ನ ಪಾಲಿಂದು ಒಂದು ಮಂಕರಿ ಐತೆ.”

ಹಳ್ಳದಲ್ಲಿ ಮಂಕರಿ ತುಂಬಿ ಅವಳೇ ನನ್ನ ತಲೆಗೇರಿಸಿದಳು. ಅವಳು ಮುಂದೆ, ನಾನು ಹಿಂದೆ, ಮಣ್ಣು ಹೊತ್ತು ಗುಡ್ಡ ಹತ್ತಿದೆವು.