ಅಕ್ಕ ಹೊಲಿದಿಟ್ಟ ಕಾದಂಬರಿ

ಕಾದಂಬರಿ ಮುಗಿದ ದಿನವೇ ಅಕ್ಕನ ಟೈಲರ್ ಅಂಗಡಿಗೆ ನುಗ್ಗಿ, ನಾನೂರ ಹನ್ನೆರಡು ಹಾಳೆಯ ಕಟ್ಟನ್ನು ಅವಳ ಮಿಷನ್ ಮೇಲೆ ಕುಕ್ಕಿದೆ. "ಓದು. ಈಗಲೇ."

ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚುವ ಕೆಲಸ. ನಾನು ಬರೆದದ್ದನ್ನು ಓದುವ ಜೀವ ಭೂಮಿ ಮೇಲೆ ಇವಳೊಬ್ಬಳೇ. ಇವಳು ಓದದಿದ್ದರೆ ಪೆನ್ನು ಮುರಿದು ಹಾಕುವುದು ಅಂತ ತೀರ್ಮಾನಿಸಿಬಿಟ್ಟಿದ್ದೆ.

ಅಕ್ಕ ಗೋಡೆಗೆ ನೇತುಹಾಕಿದ್ದ ಲಂಗ ತೋರಿಸಿದಳು. "ಓರೆಯಾಗಿ ಕತ್ತರಿಸಿದ ಬಟ್ಟೆ ಎರಡು ದಿನ ನೇತಾಡಿದ ಮೇಲೇ ಕಣೋ ಅಂಚು ಮಡಚೋದು. ಅಲ್ಲೀವರೆಗೆ ಎಲ್ಲಿ ಜೋಲುತ್ತೆ ಅಂತ ಗೊತ್ತಾಗಲ್ಲ. ನಿಂದೂ ಐದು ವಾರ ಹಾಗೇ ಇರ್ಲಿ. ಆಮೇಲೆ ನೀನು ತಿದ್ದು, ನಾನು ಓದ್ತೀನಿ."

"ಇದು ಲಂಗ ಅಲ್ಲ, ಕಾದಂಬರಿ!"

"ಜೋಲೋ ವಿಷಯದಲ್ಲಿ ಎರಡೂ ಒಂದೇ."

ಹಾಗಂದವಳೇ ಪರದೆ ಬಟ್ಟೆಯಲ್ಲಿ ಹಾಳೆಗಳ ಕಟ್ಟು ಬಿಗಿಯಾಗಿ ಹಿಡಿಸುವಂಥ ಒಂದು ಚೀಲ ಮಾಡಿ, ಅದರೊಳಗಿಟ್ಟು ಬಾಯಿ ಹೊಲಿದು, ಕಪಾಟಿನ ಮೇಲಿಟ್ಟಳು. "ತೆಗೆದದ್ದು ಕಂಡ್ರೆ ಓದೋದೇ ಇಲ್ಲ, ನೋಡು."

ಆರನೇ ದಿನಕ್ಕೆ ನನ್ನ ತಾಳ್ಮೆ ಸತ್ತಿತು. ಅಕ್ಕ ಊಟಕ್ಕೆ ಹೋದಾಗ ಚೀಲದ ಬಾಯಿ ಕತ್ತರಿಸಿ ಓದಿದೆ. ಐವತ್ತು ಪುಟ ಬರೀ ಮಳೆ! ಯಾವ ಕತ್ತೆ ಬರೆದದ್ದು ಇದನ್ನ ಅಂತ ಮೈಯೆಲ್ಲ ಉರಿದುಹೋಯಿತು. ಮತ್ತೆ ಹೊಲಿಯೋಣ ಅಂದರೆ, ಕತ್ತರಿಸಿದಷ್ಟು ಚೀಲ ಗಿಡ್ಡವಾಗಿತ್ತು, ಕಟ್ಟು ಹಿಡಿಸಲಿಲ್ಲ. ಮಳೆಯನ್ನೆಲ್ಲ ಕಿತ್ತು ಶರ್ಟಿನೊಳಗೆ ತುರುಕಿಕೊಂಡು ಮಿಷನ್ನಿಗೆ ಕೂತೆ. ಸೂಜಿ ನನ್ನ ಹೆಬ್ಬೆರಳಿಗೂ ಒಂದು ಹೊಲಿಗೆ ಹಾಕಿತು.

ಚಟ ಹತ್ತಿತು. ಎರಡು ದಿನಕ್ಕೊಮ್ಮೆ ಕತ್ತರಿ, ಹಿಂದೆಯೇ ಹೊಲಿಗೆ. ಪ್ರತಿ ಸಲ ಚೀಲ ಬೆರಳಗಲ ಗಿಡ್ಡ, ಪ್ರತಿ ಸಲ ಕಥೆಯಿಂದ ಯಾರೋ ಒಬ್ಬರು ಹೊರಗೆ. ನಾಯಕನ ಹತ್ತೊಂಬತ್ತು ಪುಟದ ಭಾಷಣ ಹೋಯಿತು. ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಗಣಿತದ ಮೇಷ್ಟ್ರನ್ನು ಮೂರು ಅಧ್ಯಾಯ ಬಾವಿಯಲ್ಲಿ ಮುಳುಗಿಸಿದ್ದೆ; ಹಲ್ಲು ಕಚ್ಚಿಕೊಂಡು ಆ ಅಧ್ಯಾಯಗಳನ್ನು ಕಿತ್ತು ಅವರನ್ನೂ ಮೇಲೆತ್ತಿ ಬಿಟ್ಟೆ. ಕೊನೆಕೊನೆಗೆ ಹಾಳೆಗಳನ್ನೇ ಎಂಟು ಮಡಿಕೆ ಮಾಡಿ ತುರುಕಬೇಕಾಯಿತು.

ಐದು ವಾರ ಮುಗಿಯುವಷ್ಟರಲ್ಲಿ ದಿಂಬಿನಂತಿದ್ದ ಚೀಲ ಪರ್ಸಿನಂತಾಗಿತ್ತು. ಅಕ್ಕ ಅದನ್ನು ಅಂಗೈ ಮೇಲಿಟ್ಟುಕೊಂಡು ನೋಡಿದಳು.

"ಇದನ್ನ ಒಗೆದೆಯೇನೋ? ಕುಗ್ಗಿದೆ."

"ವಿಶ್ರಾಂತಿಯಲ್ಲಿ... ಸಣ್ಣಗಾಗಿದೆ," ಅಂದೆ.

"ಹೊಲಿಗೆ ಬಿಚ್ಚಬೇಕು ಪೆದ್ದೇ, ಬಟ್ಟೆ ಕತ್ತರಿಸೋದಲ್ಲ. ದಾರಾನೂ ಬೇರೆ ಬಣ್ಣದ್ದು. ಮೊದಲನೇ ವಾರವೇ ಗೊತ್ತಾಯ್ತು."

"ಹಾಗಾದ್ರೆ ಬಾಯಿ ಯಾಕೆ ಬಿಡ್ಲಿಲ್ಲ?" ಕೂಗಾಡಿದೆ. "ಓದಲ್ಲ ತಾನೆ? ಬೇಡ! ಯಾರೂ ಓದೋದು ಬೇಡ!"

"ಕಿರುಚಬೇಡ, ಗಿರಾಕಿ ಇದಾರೆ. ದಿನದಿನಕ್ಕೂ ತೆಳ್ಳಗಾಗ್ತಿತ್ತು, ಅದಕ್ಕೇ ಸುಮ್ಮನಿದ್ದೆ. ಇಸ್ತ್ರಿ ಬಿಸಿ ಮಾಡು."

ನಾನು ಒಂದೊಂದೇ ಹಾಳೆಯ ಸುಕ್ಕು ತೆಗೆದು ಕೊಟ್ಟೆ, ಅವಳು ಓದಿದಳು. ಮೂರನೇ ಪುಟದಲ್ಲಿ, ಜನ ಬಿಕ್ಕಿಬಿಕ್ಕಿ ಅಳಲಿ ಅಂತ ನಾನು ಬರೆದ ಜಾಗದಲ್ಲಿ, ಕಿಸಕ್ಕನೆ ನಕ್ಕಳು. ನನ್ನ ರಕ್ತ ಕುದಿಯಿತು. ಇಸ್ತ್ರಿಪೆಟ್ಟಿಗೆ ಕುಕ್ಕಿ ಬಾಗಿಲಿಗೆ ನಡೆದೆ.

"ತಾಯಿ, ನನ್ನ ಪ್ಯಾಂಟು?" ಗಿರಾಕಿ ಕೇಳಿದರು.

"ಸ್ವಲ್ಪ ಸುಮ್ನಿರಿ," ಅಂದ ಅಕ್ಕ, ತಲೆ ಎತ್ತದೆಯೇ ನನ್ನ ಕಡೆ ಕೈ ಚಾಚಿದಳು. "ಎಲ್ಲಿಗೋ ಹೊರಟೆ? ಮುಂದಿನ ಹಾಳೆ ಕೊಡು, ಬೇಗ!"